ಸುದ್ದಿ ಅಚ್ಚಿಗೆ ಹೋಗುವ ಮುನ್ನ: ಕಲಬುರಗಿ, ಬೀದರ್, ಯಾದಗಿರಿಯ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಮಾಧ್ಯಮ ಕಾನೂನಿನ ಮಾರ್ಗದರ್ಶಿ

ಕಲಬುರಗಿ ಎಪಿಎಂಸಿಗೆ ಹೊಸ ತೊಗರಿ ಬರಲು ಶುರುವಾದ ಹೊತ್ತು. ನಿಮ್ಮ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಒಂದು ಸುಳಿವು ಸಿಗುತ್ತದೆ ಎಂದಿಟ್ಟುಕೊಳ್ಳಿ: ಒಂದು ಅಡತ್ ಅಂಗಡಿಯಲ್ಲಿ (ರೈತರ ಮಾಲು ಮಾರಿಸಿಕೊಡುವ ದಲಾಲಿ ಮಳಿಗೆಯಲ್ಲಿ) ತೂಕದಲ್ಲಿ ಮೋಸ ನಡೆಯುತ್ತಿದೆ ಎಂದು ಮೂವರು ರೈತರು ಹೇಳುತ್ತಿದ್ದಾರೆ. ಇದು ಕಲ್ಪಿತ ಉದಾಹರಣೆ. ಆದರೆ ಇಂಥ ಸುದ್ದಿ ಕೈಗೆ ಬಂದಾಗ ಹೆಚ್ಚಿನವರು ಮೊದಲು ಬರೆಯುತ್ತಾರೆ, ಆಮೇಲೆ ಕಾನೂನು ಕೇಳುತ್ತಾರೆ. ಅಷ್ಟರಲ್ಲಿ ಬೇಕಾದ ದಾಖಲೆ ಕೈ ತಪ್ಪಿರುತ್ತದೆ. ಮಾಧ್ಯಮ ಕಾನೂನಿನ ಕೆಲಸ ಶುರುವಾಗುವುದು ಟಿಪ್ಪಣಿ ಪುಸ್ತಕ ತೆರೆದ ಕ್ಷಣದಿಂದ. ಈ ಮಾರ್ಗದರ್ಶಿಯೂ ಅದೇ ಅನುಕ್ರಮದಲ್ಲಿದೆ.

ನಿಂತ ನೆಲ: 19ನೇ ವಿಧಿ

ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂಬ ಪ್ರತ್ಯೇಕ ಹಕ್ಕು ಇಲ್ಲ. ಪ್ರತಿ ನಾಗರಿಕನಿಗೂ 19(1)(ಎ) ವಿಧಿ ಕೊಟ್ಟ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೇ ಅದು ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1950ರ ರೋಮೇಶ್ ಥಾಪರ್ ಪ್ರಕರಣದಿಂದ ಹೇಳುತ್ತಾ ಬಂದಿದೆ. ಹಾಗಾಗಿ ದೊಡ್ಡ ದಿನಪತ್ರಿಕೆಯ ಸಂಪಾದಕರಿಗೆ ಇರುವ ಹಕ್ಕು ಯಾದಗಿರಿಯ ಪದವಿ ವಿದ್ಯಾರ್ಥಿಗೂ ಇದೆ, ಅಷ್ಟೇ ಇದೆ. ಬೈಕಿನ ಮೇಲಿನ ‘ಪ್ರೆಸ್’ ಸ್ಟಿಕ್ಕರ್ ಇದಕ್ಕೆ ಏನನ್ನೂ ಸೇರಿಸುವುದಿಲ್ಲ.

ಈ ಹಕ್ಕಿಗೆ ಸರ್ಕಾರ ಮಿತಿ ಹಾಕಬಹುದಾದ ಕಾರಣಗಳು 19(2)ರಲ್ಲಿ ಎಂಟೇ ಎಂಟು: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ದೇಶದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಈ ಪಟ್ಟಿಯಲ್ಲಿ ‘ಸಾರ್ವಜನಿಕ ಹಿತ’ ಇಲ್ಲ ಎಂಬುದನ್ನು ಗಮನಿಸಿ. 1962ರ ಸಕಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ‘ಜನಹಿತದ ದೃಷ್ಟಿಯಿಂದ ಇದನ್ನು ಹಾಕಬೇಡಿ’ ಎಂದು ಯಾರಾದರೂ ಅಧಿಕಾರಿ ಹೇಳಿದರೆ, ಎಂಟರಲ್ಲಿ ಯಾವ ಕಾರಣ, ಯಾವ ಕಾಯ್ದೆಯ ಯಾವ ಸೆಕ್ಷನ್, ಆದೇಶ ಲಿಖಿತವಾಗಿದೆಯೇ ಎಂದು ವಿನಯದಿಂದ ಕೇಳಿ, ಉತ್ತರ ಬರೆದುಕೊಳ್ಳಿ.

ಈ ಮೂರೂ ಜಿಲ್ಲೆಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಅದಕ್ಕೆ ಕೆಲವೇ ವಾರ ಮುಂಚೆ, ಆಗಸ್ಟ್‌ನಲ್ಲಿ, ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಬರೆದದ್ದಕ್ಕಾಗಿ ಹೈದರಾಬಾದಿನಲ್ಲಿ ಕೊಲ್ಲಲಾಯಿತು. 19ನೇ ವಿಧಿಯನ್ನು ನಮ್ಮ ಭಾಗದಲ್ಲಿ ಓದುವಾಗ ಆ ಹೆಸರು ನೆನಪಿರಲಿ.

ಹಳೆಯ ಪುಸ್ತಕ, ಹೊಸ ಸೆಕ್ಷನ್

ಗ್ರಂಥಾಲಯದ ಬಹುತೇಕ ಪುಸ್ತಕಗಳಲ್ಲಿ ಇನ್ನೂ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ ಇದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್, ಜಾರಿಯಲ್ಲಿದೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಹೀಗೆ ಗುರುತು ಹಾಕಿಕೊಳ್ಳಿ: ಮಾನಹಾನಿ 499 ಮತ್ತು 500 ಈಗ 356, ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು 228ಎ ಈಗ 72, ಗುಂಪುಗಳ ನಡುವೆ ದ್ವೇಷ ಬಿತ್ತುವುದು 153ಎ ಈಗ 196, ಧಾರ್ಮಿಕ ಭಾವನೆ ಕೆರಳಿಸುವುದು 295ಎ ಈಗ 299, ಭೀತಿ ಹುಟ್ಟಿಸುವ ಸುಳ್ಳು ಸುದ್ದಿ 505 ಈಗ 353. ಘಟನೆ ನಡೆದದ್ದು 2024ರ ಜುಲೈ 1ಕ್ಕಿಂತ ಮುಂಚೆ ಆಗಿದ್ದರೆ ಅದಕ್ಕೆ ಇಂದಿಗೂ ಐಪಿಸಿಯೇ ಅನ್ವಯ. ಆದ್ದರಿಂದ ಕೋರ್ಟ್ ವರದಿಯಲ್ಲಿ ಸೆಕ್ಷನ್ ಬರೆಯುವ ಮೊದಲು ಕೃತ್ಯದ ದಿನಾಂಕ ನೋಡಿ. ವರದಿ ಬರೆಯುವ ದಿನ ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನೊಂದು: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿದೆ. ಅದರಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದು ಎಂದು 2022ರಲ್ಲಿ ಮತ್ತೆ ಹೇಳಬೇಕಾಗಿ ಬಂತು. ಫೇಸ್‌ಬುಕ್ ಪೋಸ್ಟ್ ವಿರುದ್ಧದ ದೂರಿನಲ್ಲಿ ‘66ಎ’ ಕಂಡರೆ ಅದೇ ಒಂದು ಸುದ್ದಿ.

ಗುರುತು: ಹೆಸರು ಮುಚ್ಚಿದರೆ ಸಾಲದು

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಬೇರೆ ತಪ್ಪುಗಳನ್ನು ಸ್ಪಷ್ಟೀಕರಣ ಹಾಕಿ ಒಂದಿಷ್ಟಾದರೂ ಸರಿಪಡಿಸಬಹುದು. ಒಂದು ಮಗುವಿನ ಗುರುತು ಒಮ್ಮೆ ಊರಿಗೆ ಗೊತ್ತಾದರೆ ಹಿಂದಕ್ಕೆ ಪಡೆಯಲು ಬರುವುದಿಲ್ಲ.

ನೆನಪಿನಲ್ಲಿ ಇರಬೇಕಾದ ಕಾಯ್ದೆಗಳು ಮೂರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಹತ್ತುವ ಬೇರೆ ಯಾವುದೇ ವಿವರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಶಿಕ್ಷೆ ಆರು ತಿಂಗಳಿಗೆ ಕಡಿಮೆ ಇಲ್ಲದ, ಒಂದು ವರ್ಷದವರೆಗಿನ ಜೈಲು, ಅಥವಾ ದಂಡ, ಅಥವಾ ಎರಡೂ. ಅನುಮತಿ ಕೊಡುವ ಅಧಿಕಾರ ವಿಶೇಷ ನ್ಯಾಯಾಲಯಕ್ಕೆ ಮಾತ್ರ. ತಂದೆ-ತಾಯಿ ‘ಹಾಕ್ರಿ, ನ್ಯಾಯ ಸಿಗಲಿ’ ಎಂದು ಬೇಡಿಕೊಂಡರೂ ಅದು ಅನುಮತಿ ಆಗುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ (ಅಂದರೆ ಅಪರಾಧದ ಆರೋಪ ಹೊತ್ತ) ಮಗು, ಪಾಲನೆ-ರಕ್ಷಣೆ ಬೇಕಾದ ಮಗು, ಸಂತ್ರಸ್ತ ಅಥವಾ ಸಾಕ್ಷಿ ಮಗು, ಎಲ್ಲರಿಗೂ ಇದೇ ರಕ್ಷಣೆ ಕೊಡುತ್ತದೆ. ಅಲ್ಲಿ ಶಿಕ್ಷೆ ಆರು ತಿಂಗಳವರೆಗಿನ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಯಸ್ಕ ಸಂತ್ರಸ್ತೆಯ ವಿಷಯದಲ್ಲಿ ಬಿಎನ್‌ಎಸ್ 72: ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಸಂತ್ರಸ್ತೆ ತೀರಿಕೊಂಡಿದ್ದರೂ ಹೆಸರು ಹಾಕುವಂತಿಲ್ಲ ಎಂದು 2018ರ ನಿಪುಣ್ ಸಕ್ಸೇನಾ ತೀರ್ಪು ಹೇಳಿದೆ.

ಇನ್ನು ನಮ್ಮ ಊರುಗಳ ಮಾತು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ‘14 ವರ್ಷದ ಬಾಲಕಿ’ ಎಂದರೆ ಯಾರೆಂದು ಗೊತ್ತಾಗಲಿಕ್ಕಿಲ್ಲ. ಇನ್ನೂರು ಮನೆಯ ತಾಂಡಾದಲ್ಲಿ ‘ಎಂಟನೇ ತರಗತಿ, ತಂದೆ ಹಮಾಲಿ, ತಾಯಿ ಪುಣೆಗೆ ಗುಳೆ ಹೋಗಿದ್ದಾಳೆ’ ಎಂದರೆ ಹೆಸರು ಹೇಳಿದ ಹಾಗೆಯೇ. ಆದ್ದರಿಂದ ಬರೆದ ಮೇಲೆ ಪ್ರತಿ ವಿವರದ ಕೆಳಗೂ ಗೆರೆ ಎಳೆದು ಕೇಳಿ: ಆ ಊರಿನ ಕಿರಾಣಿ ಅಂಗಡಿಯವನು ಇದನ್ನು ಓದಿದರೆ ಮಗು ಯಾರೆಂದು ಹೇಳಬಲ್ಲನೇ? ಹೌದಾದರೆ ಅದು ಹೋಗಬೇಕು. ಗ್ರಾಮ ತೆಗೆದು ತಾಲ್ಲೂಕು ಇಡಿ. ತಾಲ್ಲೂಕಿನಿಂದಲೂ ಗೊತ್ತಾಗುವಂತಿದ್ದರೆ ಜಿಲ್ಲೆ ಸಾಕು. ನಿಖರ ವಯಸ್ಸಿನ ಬದಲು ‘ಬಾಲಕಿ’ ಎಂದರೆ ಸುದ್ದಿಗೆ ಏನೂ ಕೊರತೆಯಾಗದು. ಆರೋಪಿ ತಂದೆ, ಮಾವ ಅಥವಾ ಅದೇ ಶಾಲೆಯ ಶಿಕ್ಷಕನಾಗಿದ್ದರೆ ಅವನ ಹೆಸರೂ ಬೇಡ, ಏಕೆಂದರೆ ಅವನ ಹೆಸರಿನ ಹಿಂದೆಯೇ ಮಗು ನಿಂತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಣ್ಣು ತಪ್ಪುವುದು ಎರಡು ವರದಿಗಳ ನಡುವೆ. ಒಂದು ಪತ್ರಿಕೆ ಊರಿನ ಹೆಸರು ಹಾಕಿ ಆರೋಪಿಯನ್ನು ಮುಚ್ಚುತ್ತದೆ. ಇನ್ನೊಂದು ಆರೋಪಿಯ ಹೆಸರು ಹಾಕಿ ಊರು ಮುಚ್ಚುತ್ತದೆ. ಎರಡನ್ನೂ ಓದಿದವನಿಗೆ ಪೂರ್ತಿ ಚಿತ್ರ ಸಿಗುತ್ತದೆ. ಈಗಾಗಲೇ ಬೇರೆಡೆ ಏನು ಪ್ರಕಟವಾಗಿದೆ ಎಂದು ನೋಡಿಯೇ ನಿಮ್ಮ ವರದಿಯಲ್ಲಿ ಏನು ಬಿಡಬೇಕೆಂದು ತೀರ್ಮಾನಿಸಿ.

ಬಾಲ್ಯವಿವಾಹ ತಡೆದ ಸುದ್ದಿಯಲ್ಲಿ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ. ಅಧಿಕಾರಿಗಳ ತಂಡ, ಪಕ್ಕದಲ್ಲಿ ಅರಿಶಿನ ಹಚ್ಚಿದ ಹುಡುಗಿ, ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ. ವಯಸ್ಸಿಗೆ ಮುಂಚೆ ಮದುವೆಯಾಗುವ ಅಪಾಯದಲ್ಲಿರುವ ಮಗು ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ-ರಕ್ಷಣೆ ಬೇಕಾದ ಮಗು. ಆದ್ದರಿಂದ ಸೆಕ್ಷನ್ 74 ಅನ್ವಯ, ಫೋಟೊ ಕೊಟ್ಟವರು ಇಲಾಖೆಯವರೇ ಆದರೂ ಸಹ. ಇಟ್ಟಿಗೆ ಭಟ್ಟಿಯಿಂದ ಬಿಡಿಸಿದ ಬಾಲಕಾರ್ಮಿಕನಿಗೂ ಇದೇ ಮಾತು.

ಫೋಟೊ, ವಿಡಿಯೊ ವಿಷಯದಲ್ಲಿ ಮುಖಕ್ಕೆ ತೆಳುವಾದ ಮಬ್ಬು ಹಾಕಿದರೆ ಪರಿಚಯದವರಿಗೆ ಗೊತ್ತಾಗಿಯೇ ಆಗುತ್ತದೆ. ಮುಖ ಇರುವ ಚಿತ್ರವನ್ನೇ ಬಿಡಿ. ಬಿಡಲಾಗದಿದ್ದರೆ ಗಟ್ಟಿ ಕಪ್ಪು ಪಟ್ಟಿಯಿಂದ ಇಡೀ ತಲೆ ಮುಚ್ಚಿ, ಸಮವಸ್ತ್ರ, ಮನೆಯ ಬಾಗಿಲು, ಓಣಿಯ ಫಲಕ ಕತ್ತರಿಸಿ, ದನಿ ಬದಲಿಸಿ. ಪೊಲೀಸ್ ಪ್ರಕಟಣೆಯಲ್ಲಿ ಹೆಸರು ತಪ್ಪಿ ಬಂದಿದ್ದರೆ ಅದನ್ನು ತರಗತಿಯ ಗುಂಪಿಗೂ ಕಳಿಸಬೇಡಿ.

ಆತ್ಮಹತ್ಯೆ ವರದಿಗೂ ಇದೇ ಎಚ್ಚರ ಬೇಕು. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಯಂತೆ ವಿಧಾನ ವರ್ಣಿಸಬಾರದು, ಸ್ಥಳದ ವಿವರ ಕೊಡಬಾರದು, ರೋಚಕ ತಲೆಬರಹ, ಫೋಟೊ, ವಿಡಿಯೊ ಕೂಡದು. ರೈತ ಆತ್ಮಹತ್ಯೆಯ ವರದಿಯಲ್ಲಿ ಸಾಲ, ಬೆಳೆ, ವಿಮೆಯ ಲೆಕ್ಕ ಬರೆಯಿರಿ. ಕ್ರಿಮಿನಾಶಕದ ಹೆಸರು ಬೇಕಿಲ್ಲ.

ಮಾನಹಾನಿ: ಅಡತ್ ಅಂಗಡಿಗೆ ಮರಳಿ

ಮಾನಹಾನಿಗೆ ಎರಡು ದಾರಿ. ಕ್ರಿಮಿನಲ್ ದಾರಿ ಬಿಎನ್‌ಎಸ್ 356: ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಸಿವಿಲ್ ದಾರಿ ಮಾನನಷ್ಟ ಪರಿಹಾರದ ದಾವೆ; ಪ್ರಕಟವಾದ ಒಂದು ವರ್ಷದೊಳಗೆ ಹೂಡಬೇಕು. ಕ್ರಿಮಿನಲ್ ದೂರಿಗೆ ಮೂರು ವರ್ಷದ ಅವಧಿ ಇದೆ. ಎರಡಕ್ಕೂ ನಡುವೆ ಒಂದು ಮುಖ್ಯ ವ್ಯತ್ಯಾಸ: ಸಿವಿಲ್ ದಾವೆಯಲ್ಲಿ ಬರೆದದ್ದು ಸತ್ಯ ಎಂದು ತೋರಿಸಿದರೆ ಸಾಕು, ಕ್ರಿಮಿನಲ್ ಪ್ರಕರಣದಲ್ಲಿ ಸತ್ಯದ ಜೊತೆಗೆ ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಒಳಿತಿಗೆ ಎಂದೂ ತೋರಿಸಬೇಕು. 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿಯನ್ನು ಎತ್ತಿಹಿಡಿದಿದೆ.

ಅಂಗಡಿಯ ಹೆಸರು ಬಿಟ್ಟು ‘ಗಂಜ್‌ನ ಮೂರನೇ ಸಾಲಿನ ಹಳದಿ ಬೋರ್ಡಿನ ಅಂಗಡಿ’ ಎಂದರೆ ಹೆಸರು ಹಾಕಿದ್ದಕ್ಕೆ ಸಮ. ‘ಮೋಸ ಮಾಡಿದರೇ ವರ್ತಕರು?’ ಎಂಬ ಪ್ರಶ್ನಾರ್ಥಕ ಚಿಹ್ನೆ ಕೂಡ ಕಾಪಾಡುವುದಿಲ್ಲ. ‘ರೈತ ಹೇಳಿದ್ದನ್ನೇ ಬರೆದೆ’ ಎಂಬ ವಾದವೂ ಅಷ್ಟೇ. ಇನ್ನೊಬ್ಬರ ಆರೋಪವನ್ನು ಅಚ್ಚು ಹಾಕಿದರೆ ಅದು ನಿಮ್ಮ ಪ್ರಕಟಣೆಯೂ ಆಗುತ್ತದೆ. ಪ್ರಾಯೋಗಿಕ ಪತ್ರಿಕೆಯ ಮೇಲೆ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಹಾಕುವ ಸಾಲಿನಿಂದಲೂ ರಕ್ಷಣೆ ಸಿಗದು, ಮೂರನೆಯ ವ್ಯಕ್ತಿ ಒಬ್ಬ ಓದಿದರೂ ಅದು ಪ್ರಕಟಣೆಯೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು, ರೈತರ ಮಾತನ್ನು ಅವರ ಭಾಷೆಯಲ್ಲೇ ಧ್ವನಿಮುದ್ರಿಸಿ. ನಮ್ಮಲ್ಲಿ ಒಂದೇ ಮಾತಿನೊಳಗೆ ಕನ್ನಡ, ದಖನಿ, ಮರಾಠಿ ಬೆರೆತಿರುತ್ತವೆ. ಸಿಟ್ಟಿನಲ್ಲಿ ‘ಚೋರ್’ ಅಂದದ್ದು ಅಚ್ಚಿನಲ್ಲಿ ‘ಕಳ್ಳ’ ಆದರೆ ಬೈಗುಳ ಹೋಗಿ ಆರೋಪವಾಗುತ್ತದೆ. ಇಬ್ಬರಿಂದ ಬೇರೆ ಬೇರೆಯಾಗಿ ಅನುವಾದ ಮಾಡಿಸಿ ಹೋಲಿಸಿ. ಎರಡನೆಯದು, ದಾಖಲೆ: ಅಂಗಡಿ ಕೊಟ್ಟ ತೂಕದ ಚೀಟಿ, ಅದೇ ಚೀಲಗಳನ್ನು ಬೇರೆ ಕಾಟಾದಲ್ಲಿ ತೂಗಿದ ಚೀಟಿ, ಎರಡರಲ್ಲೂ ದಿನಾಂಕ ಮತ್ತು ವಾಹನ ಸಂಖ್ಯೆ. ಒಂದು ಜೋಡಿ ಚೀಟಿಯಿಂದ ‘ಮೋಸ’ ಸಿದ್ಧವಾಗುವುದಿಲ್ಲ, ವ್ಯತ್ಯಾಸ ಮಾತ್ರ ಸಿದ್ಧವಾಗುತ್ತದೆ. ‘ಕ್ವಿಂಟಲಿಗೆ ಇಷ್ಟು ಕಿಲೊ ವ್ಯತ್ಯಾಸ ಕಂಡಿದೆ’ ಎಂದು ಬರೆಯಿರಿ. ಉದ್ದೇಶವನ್ನು ನೀವು ಊಹಿಸಬೇಡಿ. ಮೂರನೆಯದು, ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಆ ತಕ್ಕಡಿಯ ಪರಿಶೀಲನೆ ಮತ್ತು ಮುದ್ರೆಯ ವಿವರ ಕೇಳಿ. ನಾಲ್ಕನೆಯದು, ವರ್ತಕರ ಉತ್ತರ. ಪ್ರಶ್ನೆಗಳನ್ನು ಲಿಖಿತವಾಗಿ ಕೊಟ್ಟು, ಕನಿಷ್ಠ ಎರಡು ಕೆಲಸದ ದಿನ ಕಾಯಿರಿ. ಪುಟ ಕಟ್ಟುವ ಹತ್ತು ನಿಮಿಷ ಮುಂಚೆ ಒಂದು ಮಿಸ್ಡ್ ಕಾಲ್ ಕೊಟ್ಟು ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎಂದು ಬರೆಯುವುದು ಅಪ್ರಾಮಾಣಿಕ, ಕೋರ್ಟಿನಲ್ಲಿ ನಿಲ್ಲುವುದೂ ಇಲ್ಲ.

ಮೂಲ ಕಡತವನ್ನು ಅದೇ ಫೋನಿನಲ್ಲಿ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ಕುಗ್ಗುತ್ತದೆ, ತೆಗೆದ ಸಮಯದಂಥ ವಿವರ ಕಳೆದುಕೊಳ್ಳುತ್ತದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತವನ್ನೂ, ನಮೂದಿಸಬೇಕು. ಮೂಲ ಅಳಿಸಿದವರಿಗೆ ಈ ದಾರಿ ಬಹಳ ಕಷ್ಟ.

ಠಾಣೆ ಮತ್ತು ಕೋರ್ಟ್

ಹೈಕೋರ್ಟಿನ ಕಲಬುರಗಿ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಈ ಭಾಗದ ವಿದ್ಯಾರ್ಥಿಗೆ ಇದೊಂದು ದೊಡ್ಡ ಅನುಕೂಲ. ನ್ಯಾಯಾಲಯದ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ಫೋನ್ ಆಫ್ ಇರಲಿ. ನೇರಪ್ರಸಾರದ ವಿಡಿಯೊವನ್ನು ಕತ್ತರಿಸಿ ರೀಲ್ಸ್ ಮಾಡುವುದು ಹೈಕೋರ್ಟಿನ ನೇರಪ್ರಸಾರ ನಿಯಮಗಳಿಗೆ ವಿರುದ್ಧ.

ಪದ ತಪ್ಪಿದರೆ ಸುದ್ದಿಯೇ ತಪ್ಪುತ್ತದೆ. ಎಫ್‌ಐಆರ್‌ನಲ್ಲಿ ಹೆಸರಿರುವವನು ಆರೋಪಿ. ತೀರ್ಪಿನಲ್ಲಿ ದೋಷಿ ಎಂದು ಘೋಷಿತನಾದ ಮೇಲಷ್ಟೇ ಅಪರಾಧಿ. ಜಾಮೀನು ಸಿಕ್ಕಿತೆಂದರೆ ನಿರ್ದೋಷಿ ಎಂದಲ್ಲ; ತಡೆಯಾಜ್ಞೆ ಎಂದರೆ ಪ್ರಕರಣ ರದ್ದಾಯಿತು ಎಂದಲ್ಲ. ನ್ಯಾಯಾಧೀಶರು ವಿಚಾರಣೆ ನಡುವೆ ಮೌಖಿಕವಾಗಿ ಆಡಿದ ಮಾತು ಆದೇಶವಲ್ಲ, ‘ಮೌಖಿಕವಾಗಿ ಹೇಳಿದರು’ ಎಂದೇ ಬರೆಯಬೇಕು. ‘ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ’ ಎಂಬ ಸಾಲು ಬೇಡವೇ ಬೇಡ: ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂದು ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23 ಹೇಳುತ್ತದೆ. ಕೋರ್ಟ್ ಒಪ್ಪದ ಮಾತನ್ನು ಓದುಗ ಸತ್ಯ ಎಂದು ಒಪ್ಪಿಬಿಡುತ್ತಾನೆ.

ಕೋರ್ಟ್ ಕಲಾಪದ ಬಹುತೇಕ ನಿಖರ ವರದಿಗೆ ಮಾನಹಾನಿ ಕಾನೂನಿನಲ್ಲಿ ವಿನಾಯಿತಿ ಇದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಸೆಕ್ಷನ್ 4 ಕೂಡ ನ್ಯಾಯಯುತ, ನಿಖರ ವರದಿಯನ್ನು ಕಾಪಾಡುತ್ತದೆ, ಸೆಕ್ಷನ್ 5 ತೀರ್ಪಿನ ನ್ಯಾಯಯುತ ಟೀಕೆಯನ್ನು ಕಾಪಾಡುತ್ತದೆ. ಎಫ್‌ಐಆರ್‌ಗೆ ಅಷ್ಟು ಗಟ್ಟಿ ಕವಚ ಇಲ್ಲ. ಆದ್ದರಿಂದ ಪ್ರತಿ ಆರೋಪದ ಕೊನೆಗೂ ‘ಎಂದು ಎಫ್‌ಐಆರ್‌ನಲ್ಲಿ ಹೇಳಲಾಗಿದೆ’ ಎಂದು ಸೇರಿಸಿ, ಅದರಲ್ಲಿ ಇಲ್ಲದ ಒಂದು ವಿಶೇಷಣವನ್ನೂ ಸೇರಿಸಬೇಡಿ. ಅತ್ಯಾಚಾರ ಪ್ರಕರಣಗಳ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಅನುಮತಿ ಇಲ್ಲದೆ ಕಲಾಪ ಪ್ರಕಟಿಸುವುದು ಬಿಎನ್‌ಎಸ್ 73ರಡಿ ಅಪರಾಧ.

ಮಾಹಿತಿ ಹಕ್ಕು ಅರ್ಜಿ

ತಿರಸ್ಕೃತ ಅರ್ಜಿಗಳ ಹಿಂದೆ ಬಹುತೇಕ ಒಂದೇ ತಪ್ಪಿರುತ್ತದೆ: ‘ಏಕೆ?’ ಎಂಬ ಪ್ರಶ್ನೆ. 2005ರ ಕಾಯ್ದೆ ಕೊಡುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. ‘ತಕ್ಕಡಿಗಳನ್ನು ಏಕೆ ಪರಿಶೀಲಿಸಿಲ್ಲ?’ ಎಂದು ಕೇಳಬೇಡಿ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಕಲಬುರಗಿ ಎಪಿಎಂಸಿ ಪ್ರಾಂಗಣದಲ್ಲಿ ಪರಿಶೀಲಿಸಿದ ತಕ್ಕಡಿಗಳ ಪಟ್ಟಿ, ದಾಖಲಿಸಿದ ಪ್ರಕರಣಗಳು ಮತ್ತು ವಸೂಲಾದ ದಂಡದ ವಿವರವಿರುವ ದಾಖಲೆಗಳ ದೃಢೀಕೃತ ಪ್ರತಿ’ ಎಂದು ಕೇಳಿ.

ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ. ಎರಡು ವಿಷಯ ಇದ್ದರೆ ಎರಡು ಅರ್ಜಿ ಹಾಕಿ. ತಪ್ಪು ಕಚೇರಿಗೆ ಕೊಟ್ಟಿದ್ದರೆ ಅವರು ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. ಉತ್ತರಕ್ಕೆ 30 ದಿನ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಉತ್ತರ ಬಾರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ. ಸೆಮಿಸ್ಟರ್ ಮುಗಿಯುವ ತಿಂಗಳಲ್ಲಿ ಅರ್ಜಿ ಹಾಕಿದರೆ ಉತ್ತರ ಬರುವಾಗ ನೀವು ಕ್ಯಾಂಪಸ್‌ನಲ್ಲಿ ಇರುವುದಿಲ್ಲ, ಆದ್ದರಿಂದ ಮೊದಲ ವಾರವೇ ಹಾಕಿ. ವಿಳಾಸಕ್ಕೆ ಹಾಸ್ಟೆಲ್ ಕೋಣೆ ಸಂಖ್ಯೆ ಬೇಡ, ವರ್ಷವಿಡೀ ಅಂಚೆ ತಲುಪುವ ವಿಳಾಸ ಕೊಡಿ.

ನೋಂದಣಿ: ಯಾರಿಗೆ ಬೇಕು, ಯಾರಿಗೆ ಬೇಡ

1867ರ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಬಂದಿದ್ದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿ ಈಗ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಆನ್‌ಲೈನ್. ಜಿಲ್ಲಾ ಮಟ್ಟದ ಪ್ರಾಧಿಕಾರ ಅಭಿಪ್ರಾಯ ಹೇಳಲು 60 ದಿನದ ಅವಧಿ ಇದೆ. ಸುದ್ದಿ ಇರುವ ಮುದ್ರಿತ ನಿಯತಕಾಲಿಕವನ್ನು ನೋಂದಣಿ ಇಲ್ಲದೆ ಹೊರತಂದರೆ 5 ಲಕ್ಷ ರೂಪಾಯಿವರೆಗೆ ದಂಡ. ಪುಸ್ತಕ ಮತ್ತು ಶೈಕ್ಷಣಿಕ ಜರ್ನಲ್ ಇದರ ಹೊರಗೆ. ಪ್ರಾಯೋಗಿಕ ಪತ್ರಿಕೆಯಲ್ಲಿ ಸಾರ್ವಜನಿಕ ಸುದ್ದಿ ಇದ್ದು, ಅದನ್ನು ನಿಯಮಿತವಾಗಿ ಹೊರಗೆ ಹಂಚುವ ಯೋಜನೆ ಇದ್ದರೆ ವಿಭಾಗ ಮೊದಲು ಶೀರ್ಷಿಕೆ ಮತ್ತು ನೋಂದಣಿಗೆ ಅರ್ಜಿ ಹಾಕಲಿ.

ಯೂಟ್ಯೂಬ್ ವಾಹಿನಿಗೆ ಈ ನೋಂದಣಿ ಇಲ್ಲವೇ ಇಲ್ಲ; ‘ನಮ್ಮ ಚಾನೆಲ್ ಪತ್ರಿಕಾ ರಿಜಿಸ್ಟ್ರಾರ್ ಮಾನ್ಯತೆ ಪಡೆದಿದೆ’ ಎಂದು ಹಣ ಕೇಳುವವರನ್ನು ನಂಬಬೇಡಿ. ವ್ಯವಸ್ಥಿತ ವ್ಯವಹಾರವಾಗಿ ಸುದ್ದಿ ಕೊಡುವ ವಾಹಿನಿಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯ: ಕುಂದುಕೊರತೆ ಅಧಿಕಾರಿ ಬೇಕು, ದೂರಿಗೆ 15 ದಿನದಲ್ಲಿ ತೀರ್ಮಾನ ಬೇಕು.

ಫೋಟೊ ಬಗ್ಗೆ ಒಂದೇ ಮಾತು: ‘ಕೃಪೆ: ಇಂಟರ್‌ನೆಟ್’ ಎಂದರೆ ಅನುಮತಿ ಸಿಕ್ಕಂತಲ್ಲ. ಡ್ರೋನ್ ಹಾರಿಸುವ ಮುನ್ನ 2021ರ ಡ್ರೋನ್ ನಿಯಮಗಳ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ನೋಡಿ. ಬೀದರ್‌ನಲ್ಲಿ ವಾಯುಪಡೆ ನೆಲೆ ಇದೆ, ಕೋಟೆ ಸಂರಕ್ಷಿತ ಸ್ಮಾರಕ, ಇಲ್ಲಿ ಊಹೆಯಿಂದ ಹಾರಿಸಬೇಡಿ. ಚುನಾವಣೆಯಲ್ಲಿ ಮತದಾನ ಮುಗಿಯುವ ಹೊತ್ತಿನಿಂದ ಹಿಂದಿನ 48 ಗಂಟೆ ಟಿವಿಯಂಥ ಮಾಧ್ಯಮಗಳಲ್ಲಿ ಚುನಾವಣಾ ಪ್ರಚಾರದ ವಿಷಯ ತೋರಿಸುವಂತಿಲ್ಲ. ಕರಪತ್ರದ ಮೇಲೆ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು.

ನೋಟಿಸ್ ಬಂದಾಗ

ಮೊದಲ ಹೆದರಿಕೆಗೆ ಪೋಸ್ಟ್ ಅಳಿಸಬೇಡಿ, ಟಿಪ್ಪಣಿ ಹರಿಯಬೇಡಿ. ಲಕೋಟೆಯನ್ನೂ ಸೇರಿಸಿ ಎಲ್ಲ ಇಡಿ, ಬಂದ ದಿನ ಬರೆದುಕೊಳ್ಳಿ. ಮಗುವಿನ ಗುರುತು ಬಯಲಾಗಿದ್ದರೆ ಮಾತ್ರ ಆ ಕ್ಷಣವೇ ತೆಗೆಯಿರಿ. ನಿಮ್ಮದೇ ತಪ್ಪು ಎಂದು ಕಂಡರೆ, ಸುದ್ದಿ ಬಂದ ಜಾಗದಲ್ಲೇ, ಅಷ್ಟೇ ಎದ್ದು ಕಾಣುವ ಹಾಗೆ ತಿದ್ದುಪಡಿ ಹಾಕಿ. ತಪ್ಪು ಮುಖಪುಟದಲ್ಲಿ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಹಾಕಿದರೆ ದೂರುದಾರರ ಸಿಟ್ಟು ಹೆಚ್ಚುತ್ತದೆ, ಅದು ನ್ಯಾಯವೂ ಅಲ್ಲ.

ಮಾನಹಾನಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಲ್ಲ. ನೊಂದವರು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಕ್ರಿಮಿನಲ್ ಪ್ರಕ್ರಿಯೆಯ ಈಗಿನ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 223ರ ಪ್ರಕಾರ ಆ ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವ ಮೊದಲು ನಿಮ್ಮ ಮಾತನ್ನೂ ಮ್ಯಾಜಿಸ್ಟ್ರೇಟ್ ಕೇಳಬೇಕು. ಸುದ್ದಿಮೂಲ ಮುಚ್ಚಿಡುವ ಹಕ್ಕು ಕೊಡುವ ಪ್ರತ್ಯೇಕ ಕಾಯ್ದೆ ದೇಶದಲ್ಲಿ ಇಲ್ಲ. 1978ರ ಪತ್ರಿಕಾ ಮಂಡಳಿ ಕಾಯ್ದೆ ಕೊಡುವ ರಕ್ಷಣೆ ಮಂಡಳಿಯ ಮುಂದಿನ ವಿಚಾರಣೆಗೆ ಸೀಮಿತ. ಆದ್ದರಿಂದ ‘ನಿಮ್ಮ ಹೆಸರು ಎಂದೆಂದಿಗೂ ಹೇಳುವುದಿಲ್ಲ’ ಎಂದು ಯಾರಿಗಾದರೂ ಮಾತು ಕೊಡುವ ಮುನ್ನ ಅದರ ಭಾರ ತಿಳಿದಿರಲಿ.

ಪತ್ರಿಕಾ ಮಂಡಳಿಗೆ ದೂರು ಹೋಗುವುದಾದರೆ ದೂರುದಾರರು ಮೊದಲು ಸಂಪಾದಕರಿಗೇ ಬರೆದಿರಬೇಕು. ದಿನಪತ್ರಿಕೆ, ವಾರಪತ್ರಿಕೆಗಳಿಗೆ ಅವಧಿ ಎರಡು ತಿಂಗಳು. ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ಹಾಕಲಾರದು. ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾಯ್ದೆಯಡಿ ಉಚಿತ ವಕೀಲರ ನೆರವಿನ ಹಕ್ಕಿದೆ. ಕಡಿಮೆ ಆದಾಯದ ಆಧಾರದ ಮೇಲೆ ನೆರವು ಕೇಳುವವರು ಆದಾಯ ಪ್ರಮಾಣಪತ್ರ ಒಯ್ಯಲಿ. ನೋಟಿಸ್, ಪ್ರಕಟವಾದ ಸಂಚಿಕೆ, ಟಿಪ್ಪಣಿ ಪುಸ್ತಕ, ಎರಡು ಕಾಟಾ ಚೀಟಿ, ವರ್ತಕರಿಗೆ ಕಳಿಸಿದ ಪ್ರಶ್ನೆಗಳ ಪ್ರತಿ ಮತ್ತು ಮೂಲ ಧ್ವನಿಮುದ್ರಣ ಇರುವ ಫೋನ್, ಇಷ್ಟೂ ಒಂದೇ ಚೀಲದಲ್ಲಿ ಜೊತೆಗಿರಲಿ.